42 ಎಂದರೆ ಎಷ್ಟಕ್ಕೆ 42?

ಹಾಸನದ ಬಳಿಯ ಶೆಟ್ಟಿಹಳ್ಳಿಯ ಓದುಗರೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಮಗ ಕಂಪ್ಯೂಟರ್ ವಿಜ್ಞಾನದಲ್ಲಿ ಬಿ.ಇ. ಮತ್ತು ಎಂ.ಟೆಕ್. ಮುಗಿಸಿದ್ದಾನೆ. ಕೆಲಸಕ್ಕೆ ಸೇರುವ ಬದಲು ಪಿಎಚ್.ಡಿ. ಮಾಡುತ್ತೇನೆಂದು ಹಟ ಹಿಡಿದಿದ್ದಾನೆ. ಇಬ್ಬರು ಪ್ರಾಧ್ಯಾಪಕರು ಮಾರ್ಗದರ್ಶಕರಾಗಲು ಒಪ್ಪಿದ್ದಾರಂತೆ. ಮೊದಲನೆಯವರು ಸಂಶೋಧನೆಗೆ ಇಳಿದು 30 ವರ್ಷವಾಗಿದೆ, ಅವರ 'ಎಚ್-ಇಂಡೆಕ್ಸ್' 42. ಎರಡನೆಯವರು ಬಂದು 7 ವರ್ಷವಾಗಿದೆ, ಅವರದು 11. ಮಗ 42ರವರ ಹತ್ತಿರವೇ ಹೋಗುತ್ತೇನೆ ಎನ್ನುತ್ತಿದ್ದಾನೆ. ತಂದೆ ಕೇಳಿರುವುದು ಒಂದೇ ಪ್ರಶ್ನೆ: "ಸ್ವಾಮಿ, ಈ 42 ಅಂದರೆ ಎಷ್ಟಕ್ಕೆ 42? ನೂರಕ್ಕೆ ಅನ್ನುವುದಾದರೆ ಅದು ಸೆಕೆಂಡ್ ಕ್ಲಾಸೂ ಆಗಲಿಲ್ಲವಲ್ಲ!"

ಓದಿದವರಿಗೆ ನಗು ಬರಬಹುದು. ಆದರೆ ಯಾವುದೇ ಅಂಕಿಯ ಬಗ್ಗೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಕಾಲೇಜುಗಳ ಜಾಹೀರಾತುಗಳಲ್ಲಿ 'ನಮ್ಮ ಅಧ್ಯಾಪಕರಿಗೆ ಇಷ್ಟು ಸಾವಿರ ಉಲ್ಲೇಖಗಳು', 'ನಮ್ಮವರ ಎಚ್-ಇಂಡೆಕ್ಸ್ ಇಷ್ಟು' ಎಂಬ ಸಾಲುಗಳನ್ನು ಈಗ ಕಾಣುತ್ತೇವೆ. ತಂದೆ ತಾಯಂದಿರು ಅದನ್ನು ಓದಿ ತಲೆಯಾಡಿಸುತ್ತಾರೆ, ಏನೆಂದು ಕೇಳಲು ಸಂಕೋಚಪಡುತ್ತಾರೆ. ಪಿಎಚ್.ಡಿ. ಎಂದರೆ ಮಕ್ಕಳ ಬದುಕಿನ ನಾಲ್ಕೈದು ವರ್ಷ. ಆ ವರ್ಷಗಳನ್ನು ಯಾರ ಕೈಗೆ ಒಪ್ಪಿಸಬೇಕೆಂಬುದನ್ನು ಅರ್ಥವಾಗದ ಒಂದು ಅಂಕಿಯ ಮೇಲೆ ನಿರ್ಧರಿಸುವುದು ತರವಲ್ಲ. ಆದ್ದರಿಂದ ಈ ವಾರ ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ.

ಉಲ್ಲೇಖದ ಮೂಲ

ವಕೀಲರು ನ್ಯಾಯಾಲಯದಲ್ಲಿ ವಾದ ಮಾಡುವಾಗ ಹಿಂದಿನ ತೀರ್ಪುಗಳನ್ನು ಎತ್ತಿ ಹೇಳುವುದು ನಿಮಗೆ ಗೊತ್ತು. 'ಇಂಥ ವರ್ಷದ ಇಂಥ ಮೊಕದ್ದಮೆಯಲ್ಲಿ ಹೀಗೆ ತೀರ್ಮಾನವಾಗಿದೆ' ಎಂದು ಹೇಳಿ ಅದರ ಮೇಲೆ ತಮ್ಮ ವಾದವನ್ನು ನಿಲ್ಲಿಸುತ್ತಾರೆ. ಸಂಶೋಧಕರದೂ ಇದೇ ಪದ್ಧತಿ. ಹೊಸ ಪ್ರಬಂಧ ಬರೆಯುವವರು ತಾವು ಯಾರ ಕೆಲಸದಿಂದ ಏನನ್ನು ತೆಗೆದುಕೊಂಡೆವು, ಯಾರ ಅಭಿಪ್ರಾಯವನ್ನು ಒಪ್ಪಲಿಲ್ಲ ಎಂಬುದನ್ನು ಪ್ರಬಂಧದ ಕೊನೆಯಲ್ಲಿ ಪಟ್ಟಿ ಮಾಡುತ್ತಾರೆ. ಆ ಪಟ್ಟಿಯಲ್ಲಿ ಒಂದು ಪ್ರಬಂಧದ ಹೆಸರು ಬಂದರೆ ಅದಕ್ಕೆ ಒಂದು ಉಲ್ಲೇಖ ಸಿಕ್ಕಿತು ಎಂದು ಲೆಕ್ಕ.

ಅಮೆರಿಕದಲ್ಲಿ ಫ್ರಾಂಕ್ ಶೆಪರ್ಡ್ ಎಂಬುವರು 1873ರಲ್ಲಿ, ಯಾವ ತೀರ್ಪನ್ನು ಮುಂದೆ ಯಾವ ಯಾವ ತೀರ್ಪುಗಳು ಉಲ್ಲೇಖಿಸಿವೆ ಎಂಬುದನ್ನು ವಕೀಲರಿಗಾಗಿ ಪಟ್ಟಿ ಮಾಡಲು ಆರಂಭಿಸಿದರು. ಹಳೆಯ ತೀರ್ಪೊಂದು ಇನ್ನೂ ಚಾಲ್ತಿಯಲ್ಲಿದೆಯೋ, ಮುಂದಿನ ನ್ಯಾಯಾಧೀಶರು ಅದನ್ನು ತಳ್ಳಿಹಾಕಿದ್ದಾರೋ ಎಂದು ತಿಳಿಯಲು ಅದು ನೆರವಾಯಿತು. ಇದೇ ಉಪಾಯವನ್ನು ವಿಜ್ಞಾನಕ್ಕೆ ತಂದವರು ಯೂಜೀನ್ ಗಾರ್ಫೀಲ್ಡ್. 1955ರಲ್ಲಿ ಅವರು 'ಸೈನ್ಸ್' ಪತ್ರಿಕೆಯಲ್ಲಿ ಈ ಸಲಹೆಯನ್ನು ಮುಂದಿಟ್ಟರು. 1964ರ ಹೊತ್ತಿಗೆ ಫಿಲಡೆಲ್ಫಿಯಾದ ಅವರ ಸಂಸ್ಥೆಯಿಂದ 'ಸೈನ್ಸ್ ಸೈಟೇಶನ್ ಇಂಡೆಕ್ಸ್' ಎಂಬ ದಪ್ಪ ದಪ್ಪ ಸಂಪುಟಗಳು ಹೊರಬರತೊಡಗಿದವು. ಅದರ ಮೊದಲ ಉದ್ದೇಶ ಯಾರಿಗೂ ಅಂಕ ಕೊಡುವುದಾಗಿರಲಿಲ್ಲ. ಒಂದು ವಿಷಯ ಹಿಂದಿನಿಂದ ಇಂದಿನವರೆಗೆ ಹೇಗೆ ಬೆಳೆಯಿತೆಂದು ಹುಡುಕುವವರಿಗೆ ದಾರಿ ತೋರಿಸುವುದಾಗಿತ್ತು.

ನಮ್ಮ ನಾಡಿಗೂ ಈ ವಿದ್ಯೆಗೂ ನಂಟಿದೆ. ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು 1948ರಲ್ಲಿ ಇಂಗ್ಲೆಂಡಿನ ಸಮ್ಮೇಳನವೊಂದರಲ್ಲಿ 'ಲೈಬ್ರಮೆಟ್ರಿ' ಎಂಬ ಮಾತನ್ನು ಮುಂದಿಟ್ಟರು. ಗ್ರಂಥಾಲಯದ ಕೆಲಸವನ್ನು ಲೆಕ್ಕದಿಂದಲೂ ಅಳೆಯಬಹುದು ಎಂಬುದು ಅವರ ವಿಚಾರ. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಅವರು 1962ರಲ್ಲಿ ಇಲ್ಲಿಯೇ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ, ದಾಖಲೆ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಪುಸ್ತಕ ಮತ್ತು ಪ್ರಬಂಧಗಳನ್ನು ಎಣಿಸಿ ಅಳೆಯುವ ಶಾಸ್ತ್ರದಲ್ಲಿ ನಮ್ಮ ದೇಶದ ಅನೇಕರು ತರಬೇತಿ ಪಡೆದದ್ದು ಅಲ್ಲಿಯೇ.

ಇನ್ನೊಂದು ಸ್ವಾರಸ್ಯವೂ ಇದೆ. ನಾವೆಲ್ಲ ಬಳಸುವ ಗೂಗಲ್ ಹುಟ್ಟಿದ್ದು ಕೂಡ ಇದೇ ಉಪಾಯದ ನೆರಳಿನಲ್ಲಿ. ಸೆರ್ಗಿ ಬ್ರಿನ್ ಮತ್ತು ಲ್ಯಾರಿ ಪೇಜ್ 1998ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಒಂದು ಜಾಲಪುಟಕ್ಕೆ ಬೇರೆ ಪುಟಗಳು ಕೊಡುವ ಕೊಂಡಿಯನ್ನು ಉಲ್ಲೇಖದ ಹಾಗೆಯೇ ಎಣಿಸಿದರು. ಅಷ್ಟೇ ಅಲ್ಲ, ಕೊಂಡಿ ಕೊಟ್ಟ ಪುಟ ಎಂಥದ್ದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಯಾರು ಹೊಗಳಿದರು ಎಂಬುದಕ್ಕೂ ಬೆಲೆ ಇರಬೇಕು ಎಂಬ ಈ ಸೂಕ್ಷ್ಮ, ಅಧ್ಯಾಪಕರ ಉಲ್ಲೇಖವನ್ನು ಬರಿದೇ ಎಣಿಸುವಾಗ ಕಾಣೆಯಾಗುತ್ತದೆ.

ಎಚ್ ಲೆಕ್ಕ ಹಾಕುವ ಬಗೆ

2005ರಲ್ಲಿ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಜಾರ್ಜ್ ಹಿರ್ಷ್ ಒಂದು ಸುಲಭದ ಅಳತೆಯನ್ನು ಸೂಚಿಸಿದರು. ಅವರ ಹೆಸರಿನ ಮೊದಲ ಅಕ್ಷರದಿಂದಲೇ ಅದಕ್ಕೆ ಎಚ್-ಇಂಡೆಕ್ಸ್ ಎಂಬ ಹೆಸರು ನಿಂತಿತು. ಕನ್ನಡದಲ್ಲಿ ಎಚ್-ಸೂಚ್ಯಂಕ ಎನ್ನೋಣ. ಏಳನೆಯ ತರಗತಿಯ ಮಕ್ಕಳೂ ಇದನ್ನು ಮಾಡಬಹುದು.

ಒಬ್ಬ ಸಂಶೋಧಕರ ಬಳಿ ಐದು ಪ್ರಬಂಧಗಳಿವೆ ಎಂದುಕೊಳ್ಳಿ. ಅವಕ್ಕೆ ಸಿಕ್ಕಿರುವ ಉಲ್ಲೇಖಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಬರೆಯಿರಿ: 20, 9, 6, 4, 3. ಈಗ ಮೇಲಿನಿಂದ ಎಣಿಸುತ್ತಾ ಬನ್ನಿ. ಕನಿಷ್ಠ 4 ಉಲ್ಲೇಖ ಪಡೆದ ಪ್ರಬಂಧಗಳು ನಾಲ್ಕಿವೆ. ಕನಿಷ್ಠ 5 ಉಲ್ಲೇಖ ಪಡೆದ ಪ್ರಬಂಧಗಳು ಐದಿವೆಯೇ? ಇಲ್ಲ, ಮೂರೇ ಇವೆ. ಆದ್ದರಿಂದ ಇವರ ಎಚ್-ಸೂಚ್ಯಂಕ 4. ಅದೇ ರೀತಿ 42 ಎಂದರೆ, ಕನಿಷ್ಠ 42 ಉಲ್ಲೇಖ ಪಡೆದ 42 ಪ್ರಬಂಧಗಳು ಅವರ ಹೆಸರಿನಲ್ಲಿವೆ ಎಂದು ಅರ್ಥ. ಇದು ನೂರಕ್ಕೂ ಅಲ್ಲ, ಇನ್ನೂರಕ್ಕೂ ಅಲ್ಲ. ಇದಕ್ಕೆ ಮೇಲಿನ ಮಿತಿಯೇ ಇಲ್ಲ.

ಈ ಅಳತೆಗೆ ಒಂದು ಗುಣವಿದೆ. ನೂರು ಪ್ರಬಂಧ ಬರೆದು ಯಾರೂ ಓದದಿದ್ದರೆ ಸೂಚ್ಯಂಕ ಏರುವುದಿಲ್ಲ. ಬರೆದದ್ದನ್ನು ಬೇರೆಯವರು ಮತ್ತೆ ಮತ್ತೆ ಬಳಸಬೇಕು. ದೋಷವೂ ಇದೆ. ಇನ್ನೊಬ್ಬರ ಬಳಿ ನಾಲ್ಕು ಪ್ರಬಂಧಗಳಿದ್ದು ಅವಕ್ಕೆ 500, 3, 2, 1 ಉಲ್ಲೇಖಗಳು ಬಂದಿವೆ ಎನ್ನಿ. ಇಡೀ ಕ್ಷೇತ್ರವನ್ನೇ ತಿರುಗಿಸಿದ ಒಂದು ಕೆಲಸ ಅವರದಿರಬಹುದು. ಆದರೆ ಅವರ ಸೂಚ್ಯಂಕ ಬರೀ 2! ಒಂದೇ ಒಂದು ದೊಡ್ಡ ಕೆಲಸ ಮಾಡಿದವರನ್ನು ಈ ಲೆಕ್ಕ ಗುರುತಿಸುವುದಿಲ್ಲ.

ಎಲ್ಲಿಂದ ಅಳೆದದ್ದು?

ಶೆಟ್ಟಿಹಳ್ಳಿಯವರಿಗೆ ಹೇಮಾವತಿಯ ಹಿನ್ನೀರಿನ ವಿಷಯ ಯಾರೂ ಹೇಳಿಕೊಡಬೇಕಿಲ್ಲ. ಹಳೆಯ ರೋಸರಿ ಚರ್ಚಿನ ಗೋಡೆ, ಕಮಾನುಗಳು ಮಳೆಗಾಲದಲ್ಲಿ ನೀರಿನಲ್ಲಿ ನಿಲ್ಲುವುದನ್ನೂ, ಬೇಸಗೆಯಲ್ಲಿ ಮತ್ತೆ ನೆಲಕ್ಕೆ ಬರುವುದನ್ನೂ ಅವರು ನೋಡುತ್ತಲೇ ಇದ್ದಾರೆ. ಗೊರೂರು ಜಲಾಶಯದ ಗರಿಷ್ಠ ಮಟ್ಟ 2922 ಅಡಿ ಎಂದು ಪತ್ರಿಕೆಗಳಲ್ಲಿ ಬರುತ್ತದೆ. ಹೊರಗಿನಿಂದ ಬಂದವರು ಅದನ್ನು ಓದಿ ಅಣೆಕಟ್ಟೆಯ ನೀರು 2922 ಅಡಿ ಆಳವಿದೆ ಎಂದುಕೊಂಡರೆ ಎಷ್ಟು ತಪ್ಪು! ಅದು ಸಮುದ್ರ ಮಟ್ಟದಿಂದ ಎಣಿಸಿದ ಎತ್ತರ. ಎಲ್ಲಿಂದ ಅಳೆದದ್ದೆಂದು ತಿಳಿಯದಿದ್ದರೆ ಸರಿಯಾದ ಅಂಕಿಯೂ ಸುಳ್ಳನ್ನೇ ಹೇಳುತ್ತದೆ. ಮಟ್ಟ ತಿಳಿದ ಮಾತ್ರಕ್ಕೆ ಯಾವ ಹೊಲಕ್ಕೆ ನೀರು ಹೋಯಿತೆಂಬುದೂ ತಿಳಿಯುವುದಿಲ್ಲ.

ಎಚ್-ಸೂಚ್ಯಂಕಕ್ಕೂ ಇಂಥ ಮೂರು 'ಎಲ್ಲಿಂದ'ಗಳಿವೆ.

ಮೊದಲನೆಯದು ವಿಷಯ. ಜೀವವಿಜ್ಞಾನದಲ್ಲಿ ಸಂಶೋಧಕರ ಸಂಖ್ಯೆ ದೊಡ್ಡದು, ಪ್ರಬಂಧಗಳ ಕೊನೆಯ ಪಟ್ಟಿಗಳೂ ಉದ್ದ. ಅಲ್ಲಿ ಉಲ್ಲೇಖಗಳು ಧಾರಾಳ. ಗಣಿತದಲ್ಲಿ ಅವು ವಿರಳ. ಕಂಪ್ಯೂಟರ್ ವಿಜ್ಞಾನದ ಒಳಗೇ ಈ ವ್ಯತ್ಯಾಸವಿದೆ. ಯಂತ್ರಕಲಿಕೆ, ಕ್ಲೌಡ್ ಕಂಪ್ಯೂಟಿಂಗ್ ಮೊದಲಾದ ಜನ ತುಂಬಿದ ಶಾಖೆಗಳಲ್ಲಿ ಅಂಕಿ ಬೇಗ ಏರುತ್ತದೆ. ಲೆಕ್ಕಾಚಾರದ ಸಿದ್ಧಾಂತದಲ್ಲಿ ಕೆಲಸ ಮಾಡುವವರದು ನಿಧಾನ. ಹಿರ್ಷ್ ಅವರು ತಮ್ಮ ಮೊದಲ ಲೇಖನದಲ್ಲಿ 20 ವರ್ಷದ ಕೆಲಸದ ನಂತರ 20 ಇದ್ದರೆ ಯಶಸ್ವಿ, 40 ಇದ್ದರೆ ಬಹಳ ಮೇಲ್ಮಟ್ಟದವರು ಎಂದು ಸೂಚಿಸಿದ್ದು ಭೌತವಿಜ್ಞಾನಿಗಳ ಬಗ್ಗೆ. ಅದನ್ನು ಎಲ್ಲರಿಗೂ ಒಂದೇ ಸಮನೆ ಅನ್ವಯಿಸುವಂತಿಲ್ಲ.

ಎರಡನೆಯದು ವಯಸ್ಸು. ಎಚ್-ಸೂಚ್ಯಂಕ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ನಿವೃತ್ತಿಯಾದ ಮೇಲೂ ಏರಬಹುದು. ಇದನ್ನರಿತ ಹಿರ್ಷ್, ಸೂಚ್ಯಂಕವನ್ನು ಮೊದಲ ಪ್ರಬಂಧದಿಂದ ಈವರೆಗಿನ ವರ್ಷಗಳಿಂದ ಭಾಗಿಸಿ ನೋಡಬೇಕೆಂದು ಅದೇ ಲೇಖನದಲ್ಲಿ ಹೇಳಿದ್ದಾರೆ. ಪತ್ರದಲ್ಲಿರುವ ಇಬ್ಬರಿಗೂ ಇದನ್ನು ಮಾಡಿ ನೋಡಿ. 42ನ್ನು 30ರಿಂದ ಭಾಗಿಸಿದರೆ 1.4. 11ನ್ನು 7ರಿಂದ ಭಾಗಿಸಿದರೆ ಸುಮಾರು 1.6. ಹಿಂದೆ ಇದ್ದವರು ಈಗ ಒಂದು ಹೆಜ್ಜೆ ಮುಂದೆ ಕಾಣಿಸುತ್ತಾರೆ! ಇದರಿಂದ ಎರಡನೆಯವರೇ ಮೇಲು ಎಂದು ತೀರ್ಮಾನಿಸಬೇಕಿಲ್ಲ. 42 ಮತ್ತು 11ನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಸಲ್ಲದು ಎಂದು ತಿಳಿದರೆ ಸಾಕು.

ಮೂರನೆಯದು ಎಣಿಸಿದವರು ಯಾರು ಎಂಬುದು. ಗೂಗಲ್ ಸ್ಕಾಲರ್ ಮತ್ತು ಸ್ಕೋಪಸ್ ಎರಡೂ ಬಂದದ್ದು 2004ರಲ್ಲಿ. ಗಾರ್ಫೀಲ್ಡ್ ಅವರ ಹಳೆಯ ಸಂಪುಟಗಳ ಇಂದಿನ ರೂಪ 'ವೆಬ್ ಆಫ್ ಸೈನ್ಸ್'. ಒಬ್ಬರೇ ವ್ಯಕ್ತಿಗೆ ಈ ಮೂರರಲ್ಲೂ ಬೇರೆ ಬೇರೆ ಅಂಕಿ ಸಿಗುತ್ತದೆ. ಗೂಗಲ್ ಸ್ಕಾಲರ್ ಬಲೆ ದೊಡ್ಡದು, ಪ್ರಬಂಧ, ಪುಸ್ತಕ, ಥೀಸಿಸ್ ಎಲ್ಲವನ್ನೂ ಹಿಡಿಯುತ್ತದೆ. ಹೀಗಾಗಿ ಸಾಮಾನ್ಯವಾಗಿ ಅದರ ಅಂಕಿ ದೊಡ್ಡದಿರುತ್ತದೆ. ಕಂಪ್ಯೂಟರ್ ವಿಜ್ಞಾನಕ್ಕೆ ಇದು ಮುಖ್ಯ. ಬೇರೆ ವಿಜ್ಞಾನಗಳಲ್ಲಿ ಮುಖ್ಯ ಕೆಲಸ ನಿಯತಕಾಲಿಕಗಳಲ್ಲಿ ಬಂದರೆ, ಇಲ್ಲಿ ಅನೇಕ ದೊಡ್ಡ ಕೆಲಸಗಳು ಮೊದಲು ಸಮ್ಮೇಳನಗಳಲ್ಲಿ ಬರುತ್ತವೆ. ನಿಯತಕಾಲಿಕಗಳನ್ನಷ್ಟೇ ಎಣಿಸುವ ಕಡೆ ಕಂಪ್ಯೂಟರ್ ವಿಜ್ಞಾನಿಗೆ ಅನ್ಯಾಯವಾಗುತ್ತದೆ. ಆದ್ದರಿಂದ ಯಾರಾದರೂ ಅಂಕಿ ಹೇಳಿದರೆ, ಯಾವ ಲೆಕ್ಕದಲ್ಲಿ, ಯಾವ ವರ್ಷದಲ್ಲಿ ಎಂದು ಕೇಳಲು ಮರೆಯಬೇಡಿ.

ನಮ್ಮವರೇ ಒಬ್ಬರ ಉದಾಹರಣೆ

ಬರೀ ಸೂತ್ರ ಸಾಲದು. ಕರ್ನಾಟಕದಲ್ಲೇ ಓದಿದ ಒಬ್ಬ ಕಂಪ್ಯೂಟರ್ ವಿಜ್ಞಾನಿಯ ಅಂಕಿಯೊಳಗೆ ಏನಿದೆ ಎಂದು ನೋಡೋಣ. ರಾಜಕುಮಾರ್ ಬುಯ್ಯ ಅವರು ಮೈಸೂರು ವಿಶ್ವವಿದ್ಯಾಲಯದಿಂದ 1992ರಲ್ಲಿ ಬಿ.ಇ., ಬೆಂಗಳೂರು ವಿಶ್ವವಿದ್ಯಾಲಯದಿಂದ 1995ರಲ್ಲಿ ಎಂ.ಇ. ಪದವಿ ಪಡೆದರು. ಬೆಂಗಳೂರಿನ ಸಿ-ಡ್ಯಾಕ್ ಸಂಸ್ಥೆಯಲ್ಲಿ ಕೆಲಸ ಮಾಡಿ ಆಸ್ಟ್ರೇಲಿಯಾಕ್ಕೆ ಹೋದರು. ಮೊನಾಶ್ ವಿಶ್ವವಿದ್ಯಾಲಯದಿಂದ 2002ರಲ್ಲಿ ಪಿಎಚ್.ಡಿ. ಮುಗಿಸಿ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಗೂಗಲ್ ಸ್ಕಾಲರ್ ಲೆಕ್ಕದಲ್ಲಿ ಅವರ ಒಟ್ಟು ಉಲ್ಲೇಖಗಳು ಒಂದು ಲಕ್ಷವನ್ನೂ, ಎಚ್-ಸೂಚ್ಯಂಕ 150ನ್ನೂ ದಾಟಿವೆ. ಜಗತ್ತಿನಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದ ಕಂಪ್ಯೂಟರ್ ವಿಜ್ಞಾನಿಗಳ ಸಾಲಿನಲ್ಲಿ ಅವರ ಹೆಸರಿದೆ.

ಅಂಕಿಯ ಹಿಂದಿನ ಪ್ರಬಂಧಗಳನ್ನು ತೆರೆದರೆ ಮೂರು ಬಗೆಯ ಕೆಲಸಗಳು ಕಾಣುತ್ತವೆ.

ಒಂದು, ದಾರಿ ತೋರಿಸುವ ಲೇಖನಗಳು. 2009ರಲ್ಲಿ ಬುಯ್ಯ ಮತ್ತು ನಾಲ್ವರು ಸಹಲೇಖಕರು, ನೀರು, ವಿದ್ಯುತ್, ಅಡುಗೆ ಅನಿಲ, ಟೆಲಿಫೋನ್‌ಗಳ ನಂತರ ಗಣಕದ ಶಕ್ತಿಯೂ ಐದನೆಯ ಸಾರ್ವಜನಿಕ ಸೌಕರ್ಯವಾಗಲಿದೆ ಎಂದು ಬರೆದರು. ಮನೆಯಲ್ಲಿ ಜನರೇಟರ್ ಇಟ್ಟುಕೊಳ್ಳದೆ ತಂತಿಯಿಂದ ಕರೆಂಟು ಪಡೆದು ಬಳಸಿದಷ್ಟಕ್ಕೆ ಬಿಲ್ಲು ಕಟ್ಟುತ್ತೇವಲ್ಲ, ಹಾಗೆ. ಕ್ಲೌಡ್ ಕಂಪ್ಯೂಟಿಂಗ್ ಆಗಷ್ಟೇ ಕಣ್ಣು ಬಿಡುತ್ತಿದ್ದ ಕಾಲವದು. ಆ ವಿಷಯಕ್ಕೆ ಕಾಲಿಟ್ಟವರೆಲ್ಲ ತಮ್ಮ ಪೀಠಿಕೆಯಲ್ಲಿ ಈ ಲೇಖನವನ್ನು ಹೆಸರಿಸತೊಡಗಿದರು. 2013ರಲ್ಲಿ ಜಯವರ್ಧನ ಗುಬ್ಬಿ ಮೊದಲ ಲೇಖಕರಾಗಿ, ಬುಯ್ಯ ಮತ್ತಿಬ್ಬರು ಸೇರಿ, ವಸ್ತುಗಳನ್ನು ಅಂತರಜಾಲಕ್ಕೆ ಜೋಡಿಸುವ 'ಇಂಟರ್‌ನೆಟ್ ಆಫ್ ಥಿಂಗ್ಸ್' ಬಗ್ಗೆ ಬರೆದ ಲೇಖನಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಉಲ್ಲೇಖಗಳು ಬಂದಿವೆ.

ಎರಡು, ಉಪಕರಣಗಳು. ಕ್ಲೌಡ್ ಸೇವೆ ಕೊಡುವ ಕೇಂದ್ರದಲ್ಲಿ ಸಾವಿರಾರು ಗಣಕಗಳಿರುತ್ತವೆ. ಕೆಲಸವನ್ನು ಅವುಗಳ ನಡುವೆ ಹೇಗೆ ಹಂಚಿದರೆ ವಿದ್ಯುತ್ ಉಳಿಯುತ್ತದೆ, ಸಮಯ ಉಳಿಯುತ್ತದೆ ಎಂದು ಪರೀಕ್ಷಿಸಲು ನಮ್ಮ ಕಾಲೇಜಿನ ವಿದ್ಯಾರ್ಥಿ ಅಂಥ ಕೇಂದ್ರವನ್ನು ಎಲ್ಲಿಂದ ತರಬೇಕು? ಒಂದೇ ಗಣಕದಲ್ಲಿ ಅಂಥ ಕೇಂದ್ರದ ಅಣಕು ನಡೆಸುವ 'ಕ್ಲೌಡ್‌ಸಿಮ್' ಎಂಬ ತಂತ್ರಾಂಶವನ್ನು ಮೆಲ್ಬರ್ನಿನ ಅವರ ಪ್ರಯೋಗಾಲಯ ಸಿದ್ಧಪಡಿಸಿ ಉಚಿತವಾಗಿ ಕೊಟ್ಟಿತು. ಅದರ ವಿವರಣೆಯ ಪ್ರಬಂಧ ಬಂದದ್ದು 2011ರಲ್ಲಿ. ಅದನ್ನು ಬಳಸಿದವರು ಆ ಪ್ರಬಂಧವನ್ನು ಉಲ್ಲೇಖಿಸುತ್ತಾರೆ. ಇಲ್ಲಿ ಉಲ್ಲೇಖವೆಂದರೆ ನಿಜವಾಗಿ ಕೈಗೆ ತೆಗೆದುಕೊಂಡು ಉಪಯೋಗಿಸಿದ ಗುರುತು.

ಮೂರು, ಕೂಡಿ ಮಾಡಿದ ಕೆಲಸ. ಮೇಲಿನ ಮೂರೂ ಪ್ರಬಂಧಗಳಿಗೆ ನಾಲ್ವರು ಅಥವಾ ಐವರು ಲೇಖಕರಿದ್ದಾರೆ. ಕ್ಲೌಡ್‌ಸಿಮ್ ಪ್ರಬಂಧದ ಮೊದಲ ಹೆಸರು ರೋಡ್ರಿಗೊ ಕಾಲೇರೋಸ್ ಅವರದು. ಉಲ್ಲೇಖದ ಲೆಕ್ಕ ಮಾತ್ರ ಪ್ರತಿಯೊಬ್ಬರಿಗೂ ಪೂರ್ತಿಯಾಗಿ ಸಿಗುತ್ತದೆ. ನಾಲ್ವರು ಅಣ್ಣತಮ್ಮಂದಿರ ಒಂದೇ ತೆಂಗಿನ ತೋಟದ ಇಳುವರಿಯನ್ನು ನಾಲ್ವರ ಲೆಕ್ಕದ ಪುಸ್ತಕದಲ್ಲೂ ಪೂರ್ತಿ ಬರೆದ ಹಾಗೆ. ಇದರಲ್ಲಿ ಮೋಸವಿಲ್ಲ, ಪದ್ಧತಿಯೇ ಹಾಗೆ. ಒಂದು ದೊಡ್ಡ ಸೂಚ್ಯಂಕದ ಹಿಂದೆ ಒಂದು ದೊಡ್ಡ ಪ್ರಯೋಗಾಲಯವೂ ಹಲವು ವಿದ್ಯಾರ್ಥಿಗಳ ದುಡಿಮೆಯೂ ಇರುತ್ತದೆ ಎಂಬುದನ್ನು ನೋಡುವವರು ಅರಿತಿರಬೇಕು. ಅಂಥ ಕಡೆ ಸೇರಿದರೆ ಹೊಸಬನಿಗೆ ಸಂಗಾತಿಗಳು ಸಿಗುತ್ತಾರೆ. ಗುರುಗಳ ಸಮಯ ಎಷ್ಟು ಸಿಗುತ್ತದೆಂಬುದನ್ನು ಬೇರೆಯಾಗಿ ವಿಚಾರಿಸಬೇಕು.

ಸಮೀಕ್ಷೆಯ ಲೇಖನಗಳಿಗೆ ಇನ್ನೊಂದು ಉದಾಹರಣೆ ಬೆಂಗಳೂರಿನಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ನರಸಿಂಹ ಮೂರ್ತಿ ಅವರು ಅಮೆರಿಕದ ಅನಿಲ್ ಜೈನ್ ಮತ್ತು ಪ್ಯಾಟ್ರಿಕ್ ಫ್ಲಿನ್ ಜೊತೆ 1999ರಲ್ಲಿ 'ಡೇಟಾ ಕ್ಲಸ್ಟರಿಂಗ್' ಕುರಿತು 60 ಪುಟಗಳ ಸಮೀಕ್ಷೆ ಬರೆದರು. ಆಲೂಗಡ್ಡೆಯ ರಾಶಿಯನ್ನು ಮುಂದಿಟ್ಟು, ಇಷ್ಟು ಬಗೆ ಇದೆ ಎಂದು ಯಾರೂ ಮೊದಲೇ ಹೇಳದೆ, ಒಂದರಂತೆ ಒಂದಿರುವುದನ್ನು ಬೇರೆ ಬೇರೆ ಗುಡ್ಡೆ ಹಾಕು ಎಂದು ಗಣಕಕ್ಕೆ ಒಪ್ಪಿಸುವ ವಿದ್ಯೆ ಅದು. ಅದುವರೆಗೆ ಬಂದ ವಿಧಾನಗಳನ್ನೆಲ್ಲ ಒಪ್ಪವಾಗಿ ಜೋಡಿಸಿಕೊಟ್ಟ ಆ ಲೇಖನಕ್ಕೂ ಸಾವಿರಾರು ಉಲ್ಲೇಖಗಳಿವೆ. ಹೊಸದನ್ನು ಕಂಡುಹಿಡಿಯುವುದು ಒಂದು ಸೇವೆಯಾದರೆ, ಇರುವುದನ್ನು ತಿಳಿಯುವಂತೆ ಹೇಳುವುದು ಇನ್ನೊಂದು ಸೇವೆ. ಎರಡೂ ಬೇಕು. ಆದರೆ ಎಣಿಕೆಯ ಯಂತ್ರಕ್ಕೆ ಎರಡರ ನಡುವಿನ ಭೇದ ಗೊತ್ತಿಲ್ಲ.

ಲೆಕ್ಕಕ್ಕೆ ಸಿಗದ ಕೆಲಸ

ಬುಯ್ಯ ಅವರ ಹೆಸರನ್ನು ಕರ್ನಾಟಕದ ಎಷ್ಟೋ ಇಂಜಿನಿಯರುಗಳು ಮೊದಲು ಕಂಡದ್ದು ಸಂಶೋಧನಾ ಪ್ರಬಂಧದಲ್ಲಿ ಅಲ್ಲ. ಕೆ. ಆರ್. ವೇಣುಗೋಪಾಲ್, ಟಿ. ರವಿಶಂಕರ್ ಅವರ ಜೊತೆ ಬರೆದ, 1997ರಲ್ಲಿ ಬಂದ 'ಮಾಸ್ಟರಿಂಗ್ ಸಿ ಪ್ಲಸ್ ಪ್ಲಸ್' ಎಂಬ ಪಠ್ಯಪುಸ್ತಕದ ಮುಖಪುಟದಲ್ಲಿ. ಅದನ್ನು ಓದಿ ಪ್ರೋಗ್ರಾಮ್ ಬರೆಯಲು ಕಲಿತ ಹುಡುಗ ಹುಡುಗಿಯರು ಕೆಲಸಕ್ಕೆ ಹೋದರು. ಅವರು ಪ್ರಬಂಧ ಬರೆಯಲಿಲ್ಲ, ಉಲ್ಲೇಖವನ್ನೂ ಕೊಡಲಿಲ್ಲ. ಅವರ ಕಲಿಕೆ ಯಾವ ಸೂಚ್ಯಂಕಕ್ಕೂ ಸೇರಲಿಲ್ಲ.

ವಿ. ರಾಜಾರಾಮನ್ ಅವರ ವಿಷಯವೂ ಹೀಗೆಯೇ. ಕಾನ್ಪುರದ ಐ.ಐ.ಟಿ.ಯಲ್ಲಿ 1960ರ ದಶಕದಲ್ಲಿ ಕಂಪ್ಯೂಟರ್ ವಿಜ್ಞಾನದ ಬೋಧನೆಯನ್ನು ಆರಂಭಿಸಿದವರಲ್ಲಿ ಮೊದಲಿಗರು. 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಸೂಪರ್ ಕಂಪ್ಯೂಟರ್ ಕೇಂದ್ರವನ್ನು ಬೆಳೆಸಿದರು. ಅವರ ಫೋರ್ಟ್ರಾನ್ ಪುಸ್ತಕದಿಂದ ಪ್ರೋಗ್ರಾಮಿಂಗ್ ಕಲಿತ ತಲೆಮಾರೇ ಈ ದೇಶದಲ್ಲಿದೆ. 1998ರಲ್ಲಿ ಪದ್ಮಭೂಷಣ ಬಂತು. ಅವರು ತಯಾರು ಮಾಡಿದ ಶಿಷ್ಯರನ್ನು ಉಲ್ಲೇಖಗಳಿಂದ ಅಳೆಯಲು ಹೊರಟರೆ ತಕ್ಕಡಿಯೇ ತಪ್ಪು.

ಅಳತೆಯೇ ಗುರಿಯಾದಾಗ

ಮಕ್ಕಳು ಜ್ಞಾನಕ್ಕಾಗಿ ಓದುತ್ತಾರೋ ಅಂಕಕ್ಕಾಗಿ ಓದುತ್ತಾರೋ ಎಂಬ ಚಿಂತೆ ಎಲ್ಲ ತಂದೆ ತಾಯಂದಿರಿಗೂ ಇದೆ. ಅಧ್ಯಾಪಕರ ಲೋಕದಲ್ಲೂ ಅದೇ ಆಗಿದೆ. ಬಡ್ತಿಗೆ ಉಲ್ಲೇಖ ಬೇಕು. 2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಎನ್.ಐ.ಆರ್.ಎಫ್. ಶ್ರೇಯಾಂಕದಲ್ಲೂ ಪ್ರಬಂಧ ಮತ್ತು ಉಲ್ಲೇಖಗಳಿಗೆ ಪಾಲಿದೆ. ಆಗ ಕೆಲವರು ಅಡ್ಡದಾರಿ ಹಿಡಿಯುತ್ತಾರೆ. ತಮ್ಮ ಹಳೆಯ ಪ್ರಬಂಧಗಳನ್ನು ತಾವೇ ಬೇಕಿಲ್ಲದ ಕಡೆಯೂ ಉಲ್ಲೇಖಿಸುತ್ತಾರೆ. 'ನೀನು ನನ್ನದನ್ನು ಹೆಸರಿಸು, ನಾನು ನಿನ್ನದನ್ನು ಹೆಸರಿಸುತ್ತೇನೆ' ಎಂಬ ಮುಯ್ಯಿ ನಡೆಯುತ್ತದೆ. ಹಣ ಕೊಟ್ಟರೆ ಪರೀಕ್ಷೆಯಿಲ್ಲದೆ ಅಚ್ಚು ಹಾಕುವ ನಿಯತಕಾಲಿಕಗಳೂ ಇವೆ.

ತನ್ನ ಹಿಂದಿನ ಕೆಲಸವನ್ನು ಹೆಸರಿಸುವುದೆಲ್ಲ ತಪ್ಪಲ್ಲ. ಮೆಟ್ಟಿಲ ಮೇಲೆ ಮೆಟ್ಟಿಲು ಕಟ್ಟುವವರು ಕೆಳಗಿನ ಮೆಟ್ಟಿಲನ್ನು ಹೇಳಲೇಬೇಕು. ಪ್ರಮಾಣ ಮೀರಿದರೆ ಮಾತ್ರ ಅನುಮಾನ. 'ಜಗತ್ತಿನ ಶೇಕಡ 2 ವಿಜ್ಞಾನಿಗಳು' ಎಂದು ಜಾಹೀರಾತುಗಳಲ್ಲಿ ಬರುತ್ತದಲ್ಲ, ಅದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಐಯೊನಿಡಿಸ್ ಮತ್ತು ಸಂಗಡಿಗರು 2019ರಿಂದ ಪ್ರಕಟಿಸುತ್ತ ಬಂದಿರುವ ಪಟ್ಟಿ. ಅದು ಪ್ರಶಸ್ತಿಯಲ್ಲ, ಉಲ್ಲೇಖಗಳ ಲೆಕ್ಕದಿಂದ ಮಾಡಿದ ಪಟ್ಟಿ. ಜೀವಮಾನದ ಕೆಲಸಕ್ಕೆ ಒಂದು, ಒಂದು ವರ್ಷದ ಉಲ್ಲೇಖಕ್ಕೆ ಇನ್ನೊಂದು ಎಂದು ಅದರಲ್ಲಿ ಎರಡು ಭಾಗಗಳಿವೆ. ಸ್ವಂತ ಉಲ್ಲೇಖದ ಪಾಲು ಎಷ್ಟೆಂಬುದನ್ನೂ ಅದರಲ್ಲಿ ಬೇರೆಯಾಗಿ ಕೊಟ್ಟಿರುತ್ತಾರೆ. ಜಾಹೀರಾತಿನಲ್ಲಿ ಆ ಅಂಕಣ ಸಾಮಾನ್ಯವಾಗಿ ಇರುವುದಿಲ್ಲ.

ವಿಜ್ಞಾನಿಗಳೇ ಇದರ ವಿರುದ್ಧ ದನಿಯೆತ್ತಿದ್ದಾರೆ. 2012ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಯೂ 2015ರ ಲೈಡನ್ ಪ್ರಣಾಳಿಕೆಯೂ ಹೇಳುವುದರ ಸಾರ ಒಂದೇ: ಅಂಕಿ ತಜ್ಞರ ವಿವೇಚನೆಗೆ ನೆರವಾಗಲಿ, ಆದರೆ ವಿವೇಚನೆಯ ಜಾಗದಲ್ಲಿ ಕೂರದಿರಲಿ.

ಹಾಗಾದರೆ ಏನು ಮಾಡಬೇಕು?

ಪತ್ರ ಬರೆದ ಹಿರಿಯರಿಗೂ ಅವರಂಥ ಎಲ್ಲ ಪಾಲಕರಿಗೂ ನನ್ನ ಸಲಹೆ ಇಷ್ಟು. ಅಂಕಿಯನ್ನು ಬಿಸಾಡಬೇಡಿ, ಅದನ್ನೇ ನಂಬಿಯೂ ಕೂರಬೇಡಿ. ಮಗನನ್ನು ಕೂರಿಸಿಕೊಂಡು ಇಬ್ಬರು ಪ್ರಾಧ್ಯಾಪಕರ ಹೆಸರನ್ನೂ ಗೂಗಲ್ ಸ್ಕಾಲರಿನಲ್ಲಿ ಹುಡುಕಿಸಿ. ಪ್ರಬಂಧಗಳನ್ನು ಉಲ್ಲೇಖದ ಕ್ರಮದಲ್ಲಿ ಜೋಡಿಸಿದಾಗ ಮೇಲೆ ಬರುವ ಮೂರನ್ನು ಅವನು ಓದಲಿ. ಅವು ಏನು ಹೇಳುತ್ತವೆ ಎಂಬುದನ್ನು ನಿಮಗೆ ಕನ್ನಡದಲ್ಲಿ ತಿಳಿಯುವಂತೆ ಹೇಳಲಿ. ಹೇಳಲು ಬಾರದಿದ್ದರೆ ಆ ವಿಷಯದಲ್ಲಿ ಪಿಎಚ್.ಡಿ. ಮಾಡುವ ಮೊದಲು ಅವನು ಇನ್ನೂ ಓದಬೇಕು.

ಆಮೇಲೆ ಆ ಪ್ರಬಂಧಗಳನ್ನು ಉಲ್ಲೇಖಿಸಿದವರ ಪಟ್ಟಿ ತೆರೆಯಲಿ. ಅಲ್ಲಿ ಬೇರೆ ಬೇರೆ ಊರಿನ, ದೇಶದ ಹೆಸರುಗಳಿವೆಯೋ, ತಿರುಗಿ ಮುರುಗಿ ಅವೇ ನಾಲ್ಕು ಹೆಸರುಗಳೋ? ಒಂದೆರಡು ಪ್ರಬಂಧಗಳನ್ನು ತೆರೆದು ಯಾವ ಸಂದರ್ಭದಲ್ಲಿ ಹೆಸರಿಸಿದ್ದಾರೆಂದು ನೋಡಲಿ. ಬಳಸಿ ಮುಂದುವರಿದಿದ್ದಾರೋ, ತಪ್ಪು ತೋರಿಸಿದ್ದಾರೋ, ಹತ್ತರ ಜೊತೆ ಹನ್ನೊಂದನೆಯದಾಗಿ ಸೇರಿಸಿ ಕೈ ತೊಳೆದುಕೊಂಡಿದ್ದಾರೋ? ವರ್ಷವಾರು ಪಟ್ಟಿಯನ್ನೂ ನೋಡಲಿ. 42ರವರ ಮುಖ್ಯ ಕೆಲಸವೆಲ್ಲ 15 ವರ್ಷ ಹಿಂದಿನದೋ, ಈಗಲೂ ನಡೆಯುತ್ತಿದೆಯೋ ಎಂಬುದು ತಿಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ವಿಚಾರಣೆಗೆ ಗಣಕ ಬೇಡ. ಆ ಇಬ್ಬರ ಬಳಿ ಈಗ ಓದುತ್ತಿರುವ, ಹಿಂದೆ ಓದಿ ಮುಗಿಸಿದ ವಿದ್ಯಾರ್ಥಿಗಳನ್ನು ಮಗ ಹೋಗಿ ಕಾಣಲಿ. ಗುರುಗಳು ವಾರಕ್ಕೆ ಎಷ್ಟು ಸಲ ಸಿಗುತ್ತಾರೆ? ಬರೆದದ್ದನ್ನು ಓದಿ ತಿದ್ದುತ್ತಾರೆಯೇ? ವಿದ್ಯಾರ್ಥಿ ಮಾಡಿದ ಕೆಲಸಕ್ಕೆ ವಿದ್ಯಾರ್ಥಿಯ ಹೆಸರನ್ನು ಮೊದಲು ಹಾಕುತ್ತಾರೆಯೇ? ಸೇರಿದವರಲ್ಲಿ ಎಷ್ಟು ಜನ ಮುಗಿಸಿದರು, ಎಷ್ಟು ಜನ ನಡುವೆ ಬಿಟ್ಟರು, ಮುಗಿಸಿದವರು ಈಗ ಎಲ್ಲಿದ್ದಾರೆ? ಈ ಪ್ರಶ್ನೆಗಳಿಗೆ 42ರವರ ಕಡೆಯಿಂದ ಒಳ್ಳೆಯ ಉತ್ತರ ಬಂದರೆ ಧೈರ್ಯವಾಗಿ ಕಳುಹಿಸಿ. 11ರವರ ಕಡೆಯಿಂದ ಬಂದರೆ ಅಲ್ಲಿಗೆ ಕಳುಹಿಸಲು ಹಿಂಜರಿಯಬೇಡಿ.

ವಿದ್ಯಾರ್ಥಿಗಳಿಗೂ ಒಂದು ಮಾತು. ಬೇಗ ಹೆಸರು ಮಾಡಬೇಕೆಂದು ಹಣ ಕೊಟ್ಟು ಪ್ರಬಂಧ ಅಚ್ಚು ಹಾಕಿಸುವ ಬಲೆಗೆ ಬೀಳಬೇಡಿ. ಪಿಎಚ್.ಡಿ. ಥೀಸಿಸ್ ಸಲ್ಲಿಸುವ ಮೊದಲು ನಿಯತಕಾಲಿಕದಲ್ಲಿ ಪ್ರಬಂಧ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ಯು.ಜಿ.ಸಿ. 2022ರ ನಿಯಮಾವಳಿಯಲ್ಲಿ ತೆಗೆದಿದೆ. ವಿಶ್ವವಿದ್ಯಾಲಯಗಳು ತಮ್ಮದೇ ಷರತ್ತು ಇಟ್ಟುಕೊಂಡಿರಬಹುದು, ಸೇರುವ ಮೊದಲೇ ಅದನ್ನು ಲಿಖಿತವಾಗಿ ಕೇಳಿ ತಿಳಿಯಿರಿ. ಒಂದು ಸಣ್ಣ ಪ್ರಶ್ನೆಯನ್ನು ಹಿಡಿದು, ಅದನ್ನು ಪ್ರಾಮಾಣಿಕವಾಗಿ ಬಿಡಿಸಿ, ಮತ್ತೊಬ್ಬರು ಬಳಸಬಹುದಾದ ರೀತಿಯಲ್ಲಿ ಬರೆದಿಡಿ. ನಿಮ್ಮ ಪ್ರೋಗ್ರಾಮನ್ನೋ ದತ್ತಾಂಶವನ್ನೋ ಮುಚ್ಚಿಡದೆ ಹಂಚಿಕೊಳ್ಳಿ. ಯಾವುದೋ ಊರಿನ ವಿದ್ಯಾರ್ಥಿ ಅದರಿಂದ ತನ್ನ ತೊಡಕನ್ನು ಬಿಡಿಸಿಕೊಂಡು ನಿಮ್ಮ ಹೆಸರು ಬರೆದರೆ, ಆ ಒಂದು ಉಲ್ಲೇಖ ನೀವು ನಿಜವಾಗಿ ಸಂಪಾದಿಸಿದ್ದು. ಲೆಕ್ಕ ಅಲ್ಲಿಂದ ಶುರುವಾದರೆ ಸಾಕು.